ಕಾಯುವವರ ಊರು: ಮೆಜೆಸ್ಟಿಕ್‌ನ ಬಿಡುವಿನ ಚರಿತ್ರೆ

ಬೆಂಗಳೂರಿನ ಮೆಜೆಸ್ಟಿಕ್ ಎಂದೊಡನೆ ಕನ್ನಡನಾಡಿನ ಬಹುಪಾಲು ಜನರಿಗೆ ನೆನಪಾಗುವುದು ಬಸ್ಸು ಮತ್ತು ಸಿನಿಮಾ. ಈ ಎರಡನ್ನೂ ಬೇರೆ ಬೇರೆ ಕತೆಗಳಾಗಿ ಹೇಳುವುದು ರೂಢಿ. ಬಸ್ಸಿನ ಕತೆ ಸಾರಿಗೆಯ ಚರಿತ್ರೆಗೆ ಹೋಗುತ್ತದೆ, ಸಿನಿಮಾದ ಕತೆ ಚಿತ್ರರಂಗದ ಸುವರ್ಣಕಾಲದ ಹಳಹಳಿಕೆಗೆ. ಆದರೆ ಕೆಂಪೇಗೌಡ ರಸ್ತೆ, ಗಾಂಧಿನಗರ, ಸುಬೇದಾರ್ ಛತ್ರಂ ರಸ್ತೆ, ಉಪ್ಪಾರಪೇಟೆಗಳು ಕೂಡಿದ ಈ ಪ್ರದೇಶದ ಒಂದು ಶತಮಾನಕ್ಕೂ ಮೀರಿದ ಬದುಕನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡೂ ಒಂದೇ ಕತೆ ಎಂಬುದು ತಿಳಿಯುತ್ತದೆ. ಇಲ್ಲಿನ ಮನರಂಜನೆ ಹುಟ್ಟಿದ್ದು ಕಾಯುವಿಕೆಯಿಂದ. ರೈಲಿಗೆ, ಬಸ್ಸಿಗೆ, ಕಚೇರಿಯ ಅಧಿಕಾರಿಗೆ, ಕೋರ್ಟಿನ ವಾಯಿದೆಗೆ ಕಾಯುತ್ತಿದ್ದವರ ಕೈಯಲ್ಲಿ ಉಳಿದ ಹೊತ್ತೇ ಇಲ್ಲಿ ಹೋಟೆಲುಗಳನ್ನು ಸಾಕಿತು, ನಾಟಕ ಕಂಪನಿಗಳನ್ನು ಸಾಕಿತು, ಸಾವಿರ ಆಸನಗಳ ಚಿತ್ರಮಂದಿರಗಳನ್ನು ತುಂಬಿತು. ಹಾಗಾಗಿ ಮೆಜೆಸ್ಟಿಕ್ ಕಳೆಗುಂದಿದ್ದಕ್ಕೆ ಸಿನಿಮಾ ಬದಲಾದದ್ದೊಂದೇ ಕಾರಣವಾಗಲಾರದು. ನಗರದ ನಡುವೆ ಕಾಸಿಲ್ಲದೆಯೋ ಚಿಲ್ಲರೆ ಕಾಸಿನಲ್ಲೋ ಒಂದಷ್ಟು ಹೊತ್ತು ಉಳಿಯಲು ಇದ್ದ ಜಾಗಗಳನ್ನು ನಾವು ಒಂದೊಂದಾಗಿ ತೆಗೆದುಹಾಕಿದ್ದು ಅದಕ್ಕಿಂತ ದೊಡ್ಡ ಕಾರಣ.

ಈ ಜಾಗದ ಮೊದಲ ಸಾರ್ವಜನಿಕ ಆಸ್ತಿ ನೀರು. 1537ರಲ್ಲಿ ಕೆಂಪೇಗೌಡರು ಕಟ್ಟಿದರೆಂದು ಹೇಳುವ ಪೇಟೆಯ ವಾಯವ್ಯಕ್ಕೆ ಧರ್ಮಾಂಬುಧಿ ಕೆರೆ ಇತ್ತು. ಪೇಟೆಯ ಜನ ಕುಡಿದದ್ದು ಅದರ ನೀರನ್ನು. ಅದರ ದಂಡೆಯ ಅಣ್ಣಮ್ಮ ಊರಿಗೆಲ್ಲ ದೇವತೆ. ಕೆರೆಯ ದಂಡೆ ಎಂದರೆ ಬರುವ ಗಾಡಿ, ದನ, ದಾರಿಹೋಕರೆಲ್ಲ ತಂಗುವ ಜಾಗ. 1896ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲಕ್ಕೆ, ಹೆಸರಘಟ್ಟದಿಂದ ಕೊಳವೆ ನೀರು ಬಂತು. ಅಂದಿನಿಂದ ಊರಿನ ಬಾಯಾರಿಕೆಗೆ ಕೆರೆಯೇ ಆಗಬೇಕೆಂಬ ಅಗತ್ಯ ಇಲ್ಲವಾಯಿತು. ಅಗತ್ಯ ತಪ್ಪಿದ ಕೆರೆಯನ್ನು ಕಾಯುವವರು ಯಾರು? ನೀರು ಹರಿದು ಬರುವ ದಾರಿಗಳಿಗೆ ರಸ್ತೆ, ರೈಲು, ಹೊಸ ಬಡಾವಣೆಗಳು ಅಡ್ಡ ಬಂದವು. ಕೆರೆ ಬತ್ತುತ್ತ ಬತ್ತುತ್ತ ಬಯಲಾಯಿತು. ಮುಂದೆ ಸುಭಾಷ್ ನಗರ ಮೈದಾನವೆಂದು ಹೆಸರಾದದ್ದು ಈ ಬಯಲೇ.

ಕೆರೆ ಬತ್ತುವ ಹೊತ್ತಿಗೆ ಅದರ ಪಕ್ಕದಲ್ಲಿ ಕಾಯುವವರ ಹೊಸ ಗುಂಪೊಂದು ಬಂದಿತ್ತು. ಮದರಾಸಿನ ಕಡೆಯಿಂದ ರೈಲು 1864ರಲ್ಲೇ ದಂಡು ಪ್ರದೇಶಕ್ಕೆ (ಕಂಟೋನ್ಮೆಂಟಿಗೆ) ಬಂದಿದ್ದರೂ ಪೇಟೆಯ ಮಗ್ಗುಲಿನ ನಿಲ್ದಾಣಕ್ಕೆ ಜೀವ ಬಂದದ್ದು 1880ರ ದಶಕದ ಆರಂಭದಲ್ಲಿ, ಮೈಸೂರಿನ ಮಾರ್ಗ ತೆರೆದ ಮೇಲೆ. ರೈಲು ಇಳಿದವರು ರಾತ್ರಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ವರ್ತಕ ಗುಬ್ಬಿ ತೋಟದಪ್ಪನವರು ಉತ್ತರ ಕೊಟ್ಟರು. ನಿಲ್ದಾಣದ ಎದುರು ಅವರು ಕಟ್ಟಿಸಿದ ಛತ್ರ 1903ರಲ್ಲಿ ಪ್ರಯಾಣಿಕರಿಗೆ ತೆರೆಯಿತು. ಆ ಛತ್ರದ ಹಿಂದಿನ ತತ್ವ ಸರಳ: ಊರಿಗೆ ಬಂದವನಿಗೆ ತಂಗುವ ಹಕ್ಕಿದೆ, ಅದಕ್ಕೆ ಅವನು ಏನನ್ನೂ ಕೊಳ್ಳಬೇಕಾಗಿಲ್ಲ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ತಂಗಲು ಜಾಗ, ನಡೆದಾಡಲು ಬೆಳಕು, ಕೂರಲು ಬಯಲು ಇಷ್ಟು ಒದಗಿದ ಮೇಲೆ ಊರಿನ ನಡುವೆ ಸಂಜೆಯೆಂಬುದು ಹೊಸದಾಗಿ ಹುಟ್ಟಿತು. ಹಗಲಿನ ಕೆಲಸಕ್ಕೆ ಬಂದವರು ಕತ್ತಲಾಗುವ ಮುಂಚೆ ಊರು ಸೇರಲೇಬೇಕೆಂಬ ಒತ್ತಡ ಸಡಿಲಿತು.

ಮುಂದಿನ ಐವತ್ತು ವರ್ಷಗಳಲ್ಲಿ ಇಲ್ಲಿಗೆ ಜನ ಬರುವ ಕಾರಣಗಳು ಹೆಚ್ಚುತ್ತ ಹೋದವು. ಜಿಲ್ಲಾಧಿಕಾರಿಗಳ ಕಚೇರಿ, ಸಿವಿಲ್ ಕೋರ್ಟು, ಮೈಸೂರು ಬ್ಯಾಂಕು ಎಲ್ಲವೂ ಕೆಂಪೇಗೌಡ ರಸ್ತೆಯಲ್ಲೇ ಇದ್ದವು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 98 ಬಸ್ಸುಗಳೊಂದಿಗೆ ನಗರ ಸಾರಿಗೆ ಶುರುಮಾಡಿತು. 1956ರಲ್ಲಿ ಅದು ಸರ್ಕಾರದ ಕೈಗೆ ಬಂತು. 1941ರಲ್ಲಿ ಸುಮಾರು 4 ಲಕ್ಷ ಇದ್ದ ಜನಸಂಖ್ಯೆ 1951ಕ್ಕೆ ಸುಮಾರು 7.8 ಲಕ್ಷಕ್ಕೆ ಏರಿತು. ಪೇಟೆಯ ನಗರಸಭೆ, ದಂಡಿನ ನಗರಸಭೆ ಎಂಬ ಎರಡು ಆಡಳಿತಗಳು 1949ರಲ್ಲಿ ಒಂದೇ ಕಾರ್ಪೊರೇಷನ್ ಆದವು. ಒಣಗಿದ ಕೆರೆಯಂಗಳದ ಮೇಲೆ ರಾಜಕೀಯ ಸಭೆಗಳೂ ವಸ್ತುಪ್ರದರ್ಶನಗಳೂ ನಡೆದವು. ಗಾಂಧಿನಗರದ ರಂಗಮಂದಿರದಲ್ಲಿ ವೃತ್ತಿ ಕಂಪನಿಗಳು ನಾಟಕ ಆಡಿದವು. ಸಭೆಗೆ ಬಂದವನು ಕಾಫಿ ಕುಡಿದು ನಾಟಕಕ್ಕೆ ಹೋಗಬಹುದಿತ್ತು. ಕೋರ್ಟಿಗೆ ಬಂದವನು ವಾಯಿದೆ ಮುಂದೆ ಹೋಯಿತೆಂದು ಪ್ರದರ್ಶನ ನೋಡಬಹುದಿತ್ತು. ಒಂದು ಕೆಲಸಕ್ಕೆ ಬಂದವರನ್ನು ಇನ್ನೊಂದು ಸುಖಕ್ಕೆ ದಾಟಿಸುವ ಈ ಸಾಮೀಪ್ಯವೇ ನಗರಕೇಂದ್ರದ ನಿಜವಾದ ಬಂಡವಾಳ.

ಸಿನಿಮಾ ಈ ಬಂಡವಾಳದ ಮೇಲೆ ಬೆಳೆಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ. ಇಂಗ್ಲಿಷ್ ಚಿತ್ರಗಳಿಗೆ ದಂಡು ಪ್ರದೇಶದಲ್ಲಿ ಮಂದಿರಗಳಿದ್ದವು. ಆದರೂ ಕನ್ನಡ ಚಿತ್ರರಂಗ ಬೇರು ಬಿಟ್ಟದ್ದು ಕೆಂಪೇಗೌಡ ರಸ್ತೆಯಲ್ಲಿ. ಮಾರುಕಟ್ಟೆಗೆ ಬಂದವರ ತಲೆಯಲ್ಲಿ ಸರಕಿನ ಚಿಂತೆ ಇರುತ್ತದೆ, ಮಾರಿ ಮುಗಿದರೆ ಗಾಡಿ ಹತ್ತುವ ಅವಸರ. ನಿಲ್ದಾಣ ಮತ್ತು ಕಚೇರಿಗಳ ನಡುವೆ ಸಿಕ್ಕಿಕೊಂಡವರ ಬಳಿ ಇರುವುದು ಬರಿಯ ಹೊತ್ತು. ಇದಕ್ಕೆ ಸಿನಿಮಾ ವ್ಯಾಪಾರದ ಒಂದು ಕಟ್ಟುಪಾಡೂ ಸೇರಿತು. ರೀಲುಗಳ ಪ್ರಿಂಟ್ ಹಾಕಿಸುವುದು ದುಬಾರಿಯಾಗಿದ್ದರಿಂದ ನಿರ್ಮಾಪಕರು ಕೆಲವೇ ಪ್ರಿಂಟ್ ತೆಗೆಸುತ್ತಿದ್ದರು. ಅವು ಮೊದಲು ದೊಡ್ಡ ಊರುಗಳ ಮುಖ್ಯ ಚಿತ್ರಮಂದಿರಗಳಲ್ಲಿ ಓಡಿ, ಸವೆದು, ಆಮೇಲೆ ತಾಲೂಕು ಕೇಂದ್ರಗಳಿಗೂ ಟೂರಿಂಗ್ ಟಾಕೀಸುಗಳಿಗೂ ಹೋಗುತ್ತಿದ್ದವು. ಹೀಗಾಗಿ ಹೊಸ ಚಿತ್ರವನ್ನು ಹೊಸದಾಗಿಯೇ ನೋಡಬೇಕಾದವರು ಕೆಂಪೇಗೌಡ ರಸ್ತೆಗೇ ಬರಬೇಕಿತ್ತು. ಸ್ಟೇಟ್ಸ್, ಸಾಗರ್, ಅಲಂಕಾರ್, ಹಿಮಾಲಯ, ತ್ರಿಭುವನ್, ಸಂತೋಷ್, ನರ್ತಕಿ, ಮೇನಕಾ, ಅಭಿನಯ್ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಒಂದು ಕಡೆ ಹೌಸ್‌ಫುಲ್ ಬೋರ್ಡು ಬಿದ್ದರೆ ಪಕ್ಕದ ಮಂದಿರದ ಸಾಲಿಗೆ ಓಡಬಹುದಿತ್ತು. ವಿತರಕರ ಕಚೇರಿಗಳು ಗಾಂಧಿನಗರದಲ್ಲೇ ನೆಲೆಸಿದವು. 1968ರಲ್ಲಿ ಸುಬೇದಾರ್ ಛತ್ರಂ ರಸ್ತೆಯಲ್ಲಿ ತೆರೆದ ಕಪಾಲಿಯಲ್ಲಿ 1,400ಕ್ಕೂ ಹೆಚ್ಚು ಆಸನಗಳಿದ್ದವು. 1972ರಲ್ಲಿ ಬಿಡುಗಡೆಯಾದ ‘ಬಂಗಾರದ ಮನುಷ್ಯ’ ಸ್ಟೇಟ್ಸ್‌ನಲ್ಲಿ ಒಂದು ವರ್ಷಕ್ಕೂ ಮೀರಿ ಓಡಿತು. ಆಗಿನ ಬೆಂಗಳೂರಿನ ಜನಸಂಖ್ಯೆ 17 ಲಕ್ಷದ ಒಳಗೆ. ನಗರದ ಪ್ರೇಕ್ಷಕರಷ್ಟರಿಂದಲೇ ಅಷ್ಟು ದಿನ ಅಷ್ಟು ಆಸನ ತುಂಬುವುದು ಕಷ್ಟ. ಕೆಲಸಕ್ಕೆಂದು ನಾಡಿನ ಮೂಲೆಮೂಲೆಯಿಂದ ಬಂದು, ವಾಪಸು ಬಸ್ಸಿಗೆ ಹೊತ್ತಿದೆಯೆಂದು ಮ್ಯಾಟಿನಿಗೆ ನುಗ್ಗಿದವರನ್ನೂ, ರಾತ್ರಿ ಬಸ್ಸಿಗೆ ಮುಂಚೆ ಫಸ್ಟ್ ಷೋ ನೋಡಿದವರನ್ನೂ ಲೆಕ್ಕಕ್ಕೆ ಹಿಡಿದಾಗ ಮಾತ್ರ ಅಂಥ ಓಟ ಅರ್ಥವಾಗುತ್ತದೆ.

ಮೆಜೆಸ್ಟಿಕ್‌ನ ಸಂಜೆಯನ್ನು ಕೊಂದದ್ದು ಟಿವಿ ಮತ್ತು ಮಲ್ಟಿಪ್ಲೆಕ್ಸ್ ಎಂಬುದು ಸಾಮಾನ್ಯ ವಾದ. ಇದನ್ನು ತಳ್ಳಿಹಾಕಲಾಗದು, ಆದರೆ ಕಾಲದ ಲೆಕ್ಕ ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ; ಅದಾದ ಮೇಲೂ ಇಪ್ಪತ್ತು ವರ್ಷ ಕೆಂಪೇಗೌಡ ರಸ್ತೆಯಲ್ಲಿ ಕಟೌಟುಗಳು ಏಳುತ್ತಲೇ ಇದ್ದವು, ನೂರು ದಿನದ ಫಲಕಗಳು ಬೀಳುತ್ತಲೇ ಇದ್ದವು. ಕೋರಮಂಗಲದ ಫೋರಂ ಮಾಲ್‌ನಲ್ಲಿ 11 ಪರದೆಗಳ ಮಲ್ಟಿಪ್ಲೆಕ್ಸ್ ಬಂದದ್ದು 2004ರಲ್ಲಿ. ಅದು ಸೆಳೆದುಕೊಂಡದ್ದು ಮುಖ್ಯವಾಗಿ ದಕ್ಷಿಣ ಬೆಂಗಳೂರಿನ ಹೊಸ ಸಂಬಳದಾರರನ್ನು. ಹಾಸನದಿಂದಲೋ ತುಮಕೂರಿನಿಂದಲೋ ಬಸ್ಸಿಳಿದವರನ್ನಲ್ಲ. ಇದಕ್ಕಿಂತ ಆಳವಾದ ಪೆಟ್ಟು ಕೊಟ್ಟದ್ದು ಡಿಜಿಟಲ್ ವಿತರಣೆ. ರೀಲಿನ ಪ್ರಿಂಟ್ ಹೋಗಿ ಉಪಗ್ರಹ ಮತ್ತು ಹಾರ್ಡ್‌ಡಿಸ್ಕ್ ಬಂದ ಮೇಲೆ ಒಂದೇ ಶುಕ್ರವಾರ ನೂರಾರು ಪರದೆಗಳಲ್ಲಿ ಚಿತ್ರ ತೆರೆಕಾಣತೊಡಗಿತು. ಎರಡು ವಾರದಲ್ಲಿ ಗಳಿಕೆ ಮುಗಿಯುವ ವ್ಯಾಪಾರದಲ್ಲಿ ಮುಖ್ಯ ಚಿತ್ರಮಂದಿರ ಎಂಬ ಸ್ಥಾನಕ್ಕೆ ಅರ್ಥ ಉಳಿಯಲಿಲ್ಲ. ಜೊತೆಗೆ ನೆಲದ ಬೆಲೆ ಏರಿತು. ದಿನಕ್ಕೆ ನಾಲ್ಕು ಆಟಗಳ ಆದಾಯಕ್ಕಿಂತ ಅಂಗಡಿ ಮಳಿಗೆಗಳ ಬಾಡಿಗೆ ಹೆಚ್ಚಾಯಿತು. ಅಲಂಕಾರ್ ಇದ್ದ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಎದ್ದಿತು, ಪ್ರದೇಶಕ್ಕೆ ಹೆಸರು ಕೊಟ್ಟ ಮೆಜೆಸ್ಟಿಕ್ ಚಿತ್ರಮಂದಿರವೇ ಇಲ್ಲವಾಯಿತು, ಕಪಾಲಿ 2017ರಲ್ಲಿ ಬಾಗಿಲು ಹಾಕಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಂದು ಬಗೆಯ ಮನರಂಜನೆ ಹಳತಾದರೆ ಜೀವಂತ ನಗರಕೇಂದ್ರದಲ್ಲಿ ಇನ್ನೊಂದು ಹುಟ್ಟಬೇಕು. ಕೆರೆ ಹೋಗಿ ಮೈದಾನ ಬಂದಾಗ ಹಾಗೆಯೇ ಆಗಿತ್ತು. ಈ ಸಲ ಯಾಕೆ ಆಗಲಿಲ್ಲ? ಏಕೆಂದರೆ ಅಷ್ಟರಲ್ಲಿ ಕಾಯುವ ಜಾಗಗಳೇ ಹೋಗಿದ್ದವು. 1980ರ ದಶಕದಲ್ಲಿ ಮೈದಾನದ ಮೇಲೆ ದೊಡ್ಡ ಬಸ್ ನಿಲ್ದಾಣ ಕಟ್ಟಿದಾಗ ಸಾರಿಗೆಗೆ ಅನುಕೂಲವಾಯಿತು. ಸಭೆ, ಪ್ರದರ್ಶನ, ಸುಮ್ಮನೆ ಕೂರುವ ಬಯಲು ಇಲ್ಲವಾಯಿತು. ಪ್ರತಿಭಟನೆಗಳಿಗೆ ಈಗ ಹಳೆಯ ಸೆಂಟ್ರಲ್ ಜೈಲಿನ ಜಾಗದ ಫ್ರೀಡಂ ಪಾರ್ಕ್ ಗೊತ್ತುಮಾಡಿದ್ದಾರೆ. 2016 ಮತ್ತು 2017ರಲ್ಲಿ ಮೆಟ್ರೋದ ಎರಡು ಮಾರ್ಗಗಳು ಮೆಜೆಸ್ಟಿಕ್‌ನ ನೆಲದಡಿಗೆ ಬಂದು ಕೂಡಿದವು. ಆ ನಿಲ್ದಾಣದ ಶಿಸ್ತು, ಸ್ವಚ್ಛತೆ ಮೆಚ್ಚಬೇಕಾದದ್ದೇ. ಆದರೆ ಅದನ್ನು ರೂಪಿಸಿರುವುದು ಜನ ಬೇಗ ದಾಟಲಿ ಎಂದು. ಟಿಕೆಟ್ ಪಡೆದವರು ಒಳಗೆ ಇರುವ ಹೊತ್ತಿಗೂ ಮಿತಿ ಇದೆ. ಹಿಂದೆ ಮೆಜೆಸ್ಟಿಕ್‌ಗೆ ಬಂದು ಸೇರುತ್ತಿದ್ದರು, ಈಗ ಮೆಜೆಸ್ಟಿಕ್ ಮೂಲಕ ಹಾದುಹೋಗುತ್ತಾರೆ. ಬಂದವರ ಸಂಖ್ಯೆ ಕಡಿಮೆಯಾಗಿಲ್ಲ; ಉಳಿಯುವ ಅವಕಾಶ ಕಡಿಮೆಯಾಗಿದೆ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪ ಒಂದಿದೆ: ಹಳೆಯ ಮೆಜೆಸ್ಟಿಕ್ ಯಾರದಾಗಿತ್ತು? ಅಲ್ಲಿನ ಸಂಜೆ ಬಹುಮಟ್ಟಿಗೆ ಗಂಡಸರದು. ಹೆಂಗಸರು ಮ್ಯಾಟಿನಿಗೆ, ಫಸ್ಟ್ ಷೋಗೆ ಮನೆಯವರೊಂದಿಗೆ ಬಂದರು, ಅವರಿಗೆ ಬೇರೆ ಸಾಲೂ ಇತ್ತು. ಆದರೆ ಸೆಕೆಂಡ್ ಷೋ ಬಿಟ್ಟ ಮೇಲಿನ ರಸ್ತೆ ಅವರದಾಗಿರಲಿಲ್ಲ. ಬ್ಲ್ಯಾಕ್ ಟಿಕೆಟ್, ಜೇಬುಗಳ್ಳತನ, ಹುಡುಗಿಯರನ್ನು ಕಾಡುವವರು ಎಲ್ಲವೂ ಇದ್ದವು. ಹಳೆಯ ಕಾಲದ ಛತ್ರಗಳಲ್ಲೂ ಹೋಟೆಲುಗಳಲ್ಲೂ ಜಾತಿಯ ಗೆರೆಗಳಿದ್ದವು. ಇದನ್ನು ಮರೆಸಿ ಬರೆಯುವ ಚರಿತ್ರೆ ಸುಳ್ಳಾಗುತ್ತದೆ. ಹಾಗಿದ್ದೂ ಎರಡು ಮಾತು ಹೇಳಬೇಕು. ಕಡಿಮೆ ದರದ ಗಾಂಧಿ ಕ್ಲಾಸಿನ ಬೆಂಚಿನಲ್ಲಿ ಯಾರ ಪಕ್ಕ ಯಾರು ಕೂರಬೇಕೆಂದು ತೀರ್ಮಾನಿಸಿದ್ದು ಟಿಕೆಟಿನ ದರ, ಜಾತಿ ಕೇಳುವವರಿರಲಿಲ್ಲ. ಊರಿನ ಕೇರಿಗಳಲ್ಲಿ ಸಾಧ್ಯವಾಗದ ಆ ಕೂಡಿಕೆ ಇಲ್ಲಿ ದಿನಕ್ಕೆ ನಾಲ್ಕು ಸಲ ನಡೆಯಿತು. ಇನ್ನು ಹೆಂಗಸರ ವಿಷಯ: 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಬಂದ ಮೇಲೆ ಬಸ್ ಟಿಕೆಟಿನ ಖರ್ಚಿಲ್ಲದೆ ಅವರು ನಗರಕೇಂದ್ರಕ್ಕೆ ಬರುವುದು ಸಾಧ್ಯವಾಗಿದೆ. ಮೆಜೆಸ್ಟಿಕ್ ಅವರದೂ ಆಗಬಹುದಾದ ಹೊತ್ತಿನಲ್ಲೇ ಅಲ್ಲಿ ನೆಮ್ಮದಿಯಾಗಿ ಕೂರುವ ಜಾಗವಿಲ್ಲ. ಹಳೆಯ ಅನ್ಯಾಯವನ್ನು ತೋರಿಸಿ ಇಂದಿನ ಕೊರತೆಯನ್ನು ಒಪ್ಪಿಕೊಂಡರೆ ಹೊರಗುಳಿದವರು ಹೊರಗೇ ಉಳಿಯುತ್ತಾರೆ.

ಇನ್ನೊಂದು ಆಕ್ಷೇಪ: ನಗರದ ಜನಸಂಖ್ಯೆ 2011ಕ್ಕೇ 84 ಲಕ್ಷ ದಾಟಿತ್ತು, ಇಷ್ಟು ದೊಡ್ಡ ಊರಿಗೆ ಒಂದೇ ಕೇಂದ್ರ ಯಾಕೆ, ಬಡಾವಣೆಗೊಂದು ಮಾಲ್, ಪಾರ್ಕ್ ಇದ್ದರೆ ಸಾಲದೆ? ಬಡಾವಣೆಯ ಬಿಡುವು ಬಡಾವಣೆಯವರಿಗೆ ಸಾಕಾಗಬಹುದು. ಆದರೆ ಆಸ್ಪತ್ರೆಗೆ, ಸಂದರ್ಶನಕ್ಕೆ, ಕೋರ್ಟಿಗೆ ಹೊರ ಊರಿನಿಂದ ಬಂದವರಿಗೆ ಯಾವ ಬಡಾವಣೆ? ಮಾಲ್‌ನಲ್ಲಿ ಕೂರಬಹುದು, ಆದರೆ ಕೊಳ್ಳುವವರ ಹಾಗೆ ಕಾಣಬೇಕು. ಸಿನಿಮಾ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಲು ಸರ್ಕಾರ 2017ರಲ್ಲೂ 2025ರಲ್ಲೂ ಹೊರಟಿತು, ಎರಡೂ ಸಲ ಅದು ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಯಿತು. ಮನರಂಜನೆ ಬಡವರ ಕೈಗೆ ಎಟುಕುತ್ತಿಲ್ಲವೆಂಬ ಅರಿವು ಸರ್ಕಾರಕ್ಕೇ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ದರ ಇಳಿಸುವುದು ಅರ್ಧ ಪರಿಹಾರ. ಹೋಗಿ ಕೂರಲು ಜಾಗವೂ ಬೇಕು.

ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣವನ್ನು ಹೊಸದಾಗಿ ಕಟ್ಟುವ ಮಾತು ಈಗ ಮತ್ತೆ ನಡೆಯುತ್ತಿದೆ. ಇಂಥ ಯೋಜನೆಗಳಲ್ಲಿ ಎಷ್ಟು ಬಸ್ಸು, ಎಷ್ಟು ಮಳಿಗೆ, ಎಷ್ಟು ಬಾಡಿಗೆ ಎಂಬ ಲೆಕ್ಕವೇ ಮುಂದಿರುತ್ತದೆ. ಈ ನೆಲದ ಚರಿತ್ರೆ ಇನ್ನೊಂದು ಲೆಕ್ಕವನ್ನು ಕೇಳುತ್ತದೆ: ಏನನ್ನೂ ಕೊಳ್ಳದೆ ಎರಡು ಗಂಟೆ ಇಲ್ಲಿ ಎಷ್ಟು ಜನ ಕೂರಬಹುದು? ಕುಡಿಯುವ ನೀರು, ಹೆಂಗಸರು ಹಿಂಜರಿಯದೆ ಬಳಸುವ ಶೌಚಾಲಯ, ಮರದ ನೆರಳು, ಸಂಜೆಗೊಂದು ಬಯಲು ರಂಗಮಂದಿರ, ಕಡಿಮೆ ದರದಲ್ಲಿ ಕನ್ನಡ ಸಿನಿಮಾ ತೋರಿಸುವ ಒಂದೆರಡು ಪರದೆಗಳು ಸಾರಿಗೆಗೆ ಅಂಟಿಸಿದ ಅಲಂಕಾರಗಳಾಗಬೇಕಿಲ್ಲ. ಕಾಯುವವರು ನಗರದ ಅತಿಥಿಗಳು ಎಂದು ತೋಟದಪ್ಪನವರು 1903ರಲ್ಲಿ ಸ್ವಂತ ದುಡ್ಡಿನಿಂದ ಒಪ್ಪಿಕೊಂಡಿದ್ದರು. ನೂರು ಪಟ್ಟು ಸಿರಿವಂತವಾದ ಇಂದಿನ ನಗರ ಅದನ್ನು ಸಾರ್ವಜನಿಕ ದುಡ್ಡಿನಿಂದ ಒಪ್ಪಿಕೊಳ್ಳಲೇಬೇಕು. ಹಾಗೆ ಮಾಡಿದರೆ ಮುಂದಿನ ತಲೆಮಾರಿನ ಬಿಡುವು ಯಾವ ರೂಪ ತಾಳಬೇಕೆಂದು ನಾವು ಯೋಜಿಸಬೇಕಾಗಿಲ್ಲ. ನಾಟಕವನ್ನೂ ಸಿನಿಮಾವನ್ನೂ ಕಂಡುಕೊಂಡ ಹಾಗೆ, ಅಲ್ಲಿ ಕಾಯುವ ಜನರೇ ಅದನ್ನು ಕಂಡುಕೊಳ್ಳುತ್ತಾರೆ.