ಡ್ರಮ್ ಕೋರಿನ ಹಳೆಯ ಅಭಿಮಾನಿಗಳು: ಒಂದು ವಿವೇಚನೆ

ಹಿಂದಿನ ಕಾಲವೇ ಮೇಲಾಗಿತ್ತೆಂಬ ಮಾತನ್ನು ಇತಿಹಾಸದ ವ್ಯಾಸಂಗಿಗಳಾದ ನಾವು ಸುಲಭವಾಗಿ ನಂಬುವುದಿಲ್ಲ. ಆದರೆ ಅದನ್ನು ನಂಬದಿರುವುದು ಬೇರೆ, ಆಕರವೆಂದು ಓದದೆ ಬಿಡುವುದು ಬೇರೆ. ಒಂದು ಕಲೆ ಬದಲಾದಾಗ ಅದರ ಹಳೆಯ ಪ್ರೇಕ್ಷಕರು ಎತ್ತುವ ದೂರಿನಲ್ಲಿ ಆ ಕಲೆಗೆ ಸಂಬಂಧಿಸಿದುದೆಷ್ಟು, ದೂರುವವರ ಬಾಳಿಗೆ ಸಂಬಂಧಿಸಿದುದೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಡ್ರಮ್ ಕೋರ್ ಎಂಬ ಪ್ರಕಾರವನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇವೆ.

ಡ್ರಮ್ ಕೋರ್ ಎಂದರೆ ಭೇರಿಗಳನ್ನೂ ಹಿತ್ತಾಳೆಯ ಬ್ಯೂಗಲ್‌ಗಳನ್ನೂ ಬಾವುಟಗಳನ್ನೂ ಹಿಡಿದ ತರುಣರ ದಳ. ನಮ್ಮ ಪೊಲೀಸ್ ಬ್ಯಾಂಡಿನ ಕವಾಯತನ್ನು ಕಂಡವರು ಅದರ ಮೂಲರೂಪವನ್ನು ಊಹಿಸಿಕೊಳ್ಳಬಹುದು. ಕ್ಲಾರಿನೆಟ್, ಕೊಳಲು ಮೊದಲಾದವುಗಳಿಗೆ ಅಲ್ಲಿ ಎಡೆಯಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಹತ್ತು ಹನ್ನೆರಡು ನಿಮಿಷ ನುಡಿಸುತ್ತಲೇ ನಡೆದು, ಆಕೃತಿಗಳನ್ನು ಕಟ್ಟಿ ಕರಗಿಸಿ, ತೀರ್ಪುಗಾರರಿಂದ ಅಂಕ ಪಡೆಯುವುದು ಅದರ ಕ್ರಮ.

ಇದರ ಹುಟ್ಟು ಸೈನಿಕವಾದುದು. ಮೊದಲನೆಯ ಮಹಾಯುದ್ಧದಿಂದ ಮರಳಿದ ಯೋಧರು 1919ರಲ್ಲಿ ಅಮೆರಿಕನ್ ಲೀಜನ್ ಎಂಬ ಸಂಘವನ್ನು ಸ್ಥಾಪಿಸಿದರು. 1921ರಿಂದ ಅದರ ಆಶ್ರಯದಲ್ಲಿ ದಳಗಳ ರಾಷ್ಟ್ರೀಯ ಸ್ಪರ್ಧೆಗಳು ನಡೆದವು. ತರುವಾಯ ಚರ್ಚುಗಳು, ಬಾಯ್ ಸ್ಕೌಟ್ ತಂಡಗಳು, ನಿವೃತ್ತ ಯೋಧರ ಸಂಘಗಳು ತಮ್ಮ ಬಡಾವಣೆಯ ಹುಡುಗರಿಗಾಗಿ ದಳಗಳನ್ನು ಕಟ್ಟಿದವು. ಬೇಯೋನ್ ಊರಿನ ಸೇಂಟ್ ವಿನ್ಸೆಂಟ್ಸ್ ಕೆಡೆಟ್ಸ್, ನೂವರ್ಕ್‌ನ ಬ್ಲೆಸೆಡ್ ಸೇಕ್ರಮೆಂಟ್ ಗೋಲ್ಡನ್ ನೈಟ್ಸ್ ಎಂಬ ಹೆಸರುಗಳೇ ಅವು ಯಾವ ಅಂಗಳದಲ್ಲಿ ಬೆಳೆದವೆಂಬುದನ್ನು ಹೇಳುತ್ತವೆ. ನಿಯಮಗಳು ಕಟ್ಟುನಿಟ್ಟಾಗಿದ್ದವು. ಪ್ರದರ್ಶನದ ನಡುವೆ ರಾಷ್ಟ್ರಧ್ವಜಕ್ಕೆ ಗೌರವ ಸಲ್ಲಿಸಬೇಕಾಗಿತ್ತು. ಹೆಜ್ಜೆ ತಪ್ಪಿದರೆ, ಸ್ವರ ಜಾರಿದರೆ, ತೀರ್ಪುಗಾರನು ಒಂದೊಂದು ತಪ್ಪಿಗೂ ಅಂಕದ ಹತ್ತನೆಯ ಒಂದು ಭಾಗವನ್ನು ಕಳೆಯುತ್ತಿದ್ದನು.

ಈ ಲೋಕವು ಬಿರುಕುಬಿಟ್ಟ ಕಾಲವೆಂದು 1971ನ್ನು ಹೇಳಬಹುದು. ಆ ವರ್ಷ ಷಿಕಾಗೋವಿನ ಕ್ಯಾವಲಿಯರ್ಸ್ ದಳವು ಸರ್ಕಸ್ಸನ್ನು ವಸ್ತುವಾಗಿ ಮಾಡಿಕೊಂಡಿತು. ಮ್ಯಾಡಿಸನ್ ಸ್ಕೌಟ್ಸ್ ದಳವು ಆಲಿಸ್ಸಳ ಅದ್ಭುತಲೋಕದ ಕಥೆಯನ್ನು ಮೈದಾನಕ್ಕೆ ತಂದಿತು. ಗಾರ್ಫೀಲ್ಡ್ ಕೆಡೆಟ್ಸ್ ದಳವು, ವಿಯೆಟ್ನಾಮ್ ಯುದ್ಧವು ನಡೆಯುತ್ತಿದ್ದಾಗಲೇ, ಶಾಂತಿಯ ಚಿಹ್ನೆಯನ್ನು ಮೈದಾನದಲ್ಲಿ ರಚಿಸಿತು. ಯೋಧರ ಸಂಘಗಳು ಪೋಷಿಸಿದ ಸ್ಪರ್ಧೆಗಳಲ್ಲಿ ಇದು ಎಂತಹ ಕೋಲಾಹಲವನ್ನು ಎಬ್ಬಿಸಿರಬಹುದೆಂಬುದನ್ನು ವಿವರಿಸಬೇಕಾಗಿಲ್ಲ. ಅದೇ ಕಾಲದಲ್ಲಿ ದಳಗಳ ನಾಯಕರು ನಿಯಮವನ್ನೂ ಬಹುಮಾನದ ಹಣವನ್ನೂ ತಮ್ಮ ಕೈಗೆ ತೆಗೆದುಕೊಳ್ಳಲು ನಿಶ್ಚಯಿಸಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ರಚಿಸಿದರು. 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಅದರ ಮೊದಲ ಚಾಂಪಿಯನ್‌ಷಿಪ್ ನಡೆದು, ಅನಹೈಮ್ ಕಿಂಗ್ಸ್‌ಮೆನ್ ದಳವು ಗೆದ್ದಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಇಂದು 'ನಿಜವಾದ ಡ್ರಮ್ ಕೋರ್' ಹೋಯಿತೆಂದು ಮರುಗುವವರಲ್ಲಿ ಅನೇಕರು ಆದರ್ಶವೆಂದು ತೋರಿಸುವುದು 1970ರ ಮತ್ತು 80ರ ದಶಕಗಳನ್ನು. ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ದಳದವರು ಕುಣಿದ ಬಾಟಲಿ ನೃತ್ಯ, ಬ್ರಿಜ್‌ಮೆನ್ ದಳದ ಉದ್ದನೆಯ ಹಳದಿ ಕೋಟುಗಳ ಹಾಸ್ಯ, 1988ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಮ್ಯಾಡಿಸನ್ ಸ್ಕೌಟ್ಸ್ ನುಡಿಸಿ ಗೆದ್ದ 'ಮಲಗೇನ್ಯಾ': ಇವು ಅವರ ಕಣ್ಮಣಿಗಳು. ಅವರಿಗಿಂತ ಹಿಂದಿನ ಪೀಳಿಗೆಯ ಯೋಧನಿಗೆ ಇವೇ ಅಧಃಪತನದ ಗುರುತುಗಳಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಪರಂಪರೆಯ ಗೆರೆಯನ್ನು ಪ್ರತಿಯೊಬ್ಬನೂ ತನ್ನ ಹದಿನೆಂಟನೆಯ ವಯಸ್ಸಿನ ಬಳಿಯಲ್ಲಿ ಎಳೆಯುತ್ತಾನೆಂದು ತೋರುತ್ತದೆ. ಹೊಸಬರು ಇವರನ್ನು 'ಡೈನೋಸಾರ್' ಎಂದು ಹಾಸ್ಯಮಾಡುವುದುಂಟು. ಇವರೂ ಆ ಹೆಸರನ್ನು ನಗುತ್ತಲೇ ಧರಿಸಿದ್ದಾರೆ.

ಇಷ್ಟಕ್ಕೇ ನಿಂತು, ಇದು ಮುದುಕರ ಹಳಹಳಿಕೆ ಎಂದು ಪುಸ್ತಕ ಮುಚ್ಚುವುದು ಸುಲಭ. ಆದರೆ ದೂರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಅವೆಲ್ಲ ಒಂದೇ ಜಾತಿಯವಲ್ಲ.

ಮೊದಲನೆಯದು ವಾದ್ಯದ ದೂರು. ಡ್ರಮ್ ಕೋರಿನ ಬ್ಯೂಗಲ್ ಜಿ ಶ್ರುತಿಯದು. ಅದಕ್ಕೆ ಮೊದಲು ವಾಲ್ವೇ ಇರಲಿಲ್ಲ. ಆಮೇಲೆ ಒಂದು ಬಂತು. 1970ರ ದಶಕದ ಕೊನೆಗೆ ಎರಡು, 1990ರಲ್ಲಿ ಮೂರು ವಾಲ್ವುಗಳಿಗೆ ಒಪ್ಪಿಗೆ ದೊರೆಯಿತು. ಪ್ರತಿ ವಾಲ್ವಿಗೂ ಗೊಣಗಾಟವಿತ್ತು. ಕಡೆಗೆ 2000ದ ಋತುವಿನಿಂದ ಯಾವ ಶ್ರುತಿಯ ಹಿತ್ತಾಳೆಯ ವಾದ್ಯವನ್ನಾದರೂ ಬಳಸಬಹುದೆಂದಾಯಿತು. ಶಾಲೆಯ ಬ್ಯಾಂಡುಗಳಲ್ಲಿ ಬಳಕೆಯಲ್ಲಿರುವ ವಾದ್ಯಗಳನ್ನೇ ಕೊಂಡು, ಋತು ಮುಗಿದ ಮೇಲೆ ಮಾರಿಬಿಡಬಹುದು. ಜಿ ಬ್ಯೂಗಲ್‌ಗಾದರೋ ಡ್ರಮ್ ಕೋರಿನ ಹೊರಗೆ ಗಿರಾಕಿಗಳೇ ಇರಲಿಲ್ಲ. ಲೆಕ್ಕದ ದೃಷ್ಟಿಯಿಂದ ನಿರ್ಣಯವು ಸರಿ. ಆದರೂ ಮೈದಾನದಲ್ಲಿ ಅರವತ್ತು ಬ್ಯೂಗಲ್‌ಗಳು ಒಮ್ಮೆಗೇ ಗ್ಯಾಲರಿಯ ಕಡೆಗೆ ತಿರುಗಿ ಊದಿದಾಗ ಎದೆಗೆ ಬಂದು ಬಡಿಯುತ್ತಿದ್ದ ಒರಟು, ಉಜ್ಜ್ವಲ ನಾದವು ಮತ್ತಾವ ಸಂಗೀತದಲ್ಲಿಯೂ ಇರಲಿಲ್ಲವೆಂಬ ಹಳಬರ ಮಾತು ಅಲ್ಲಗಳೆಯತಕ್ಕುದಲ್ಲ. ಒಂದು ನಾದಭೇದವು ಮುಖ್ಯ ರಂಗದಿಂದ ನಿಜವಾಗಿಯೂ ಅಳಿದಿದೆ.

ಎರಡನೆಯದು ಅರ್ಥವಾಗುವುದಿಲ್ಲವೆಂಬ ದೂರು. ಇದರ ಪ್ರಸಿದ್ಧ ಪ್ರಸಂಗವು 1993ರದು. ಸ್ಟಾರ್ ಆಫ್ ಇಂಡಿಯಾನಾ ದಳವು ಬಾರ್ಟೋಕ್ ಮತ್ತು ಬಾರ್ಬರ್ ಅವರ ಕೃತಿಗಳನ್ನಾಧರಿಸಿ, ಮಿಡಿಯಾಳ ದುರಂತವನ್ನು ವಸ್ತುವಾಗಿರಿಸಿಕೊಂಡು ಒಂದು ಕಠೋರವಾದ ಪ್ರದರ್ಶನವನ್ನು ನೀಡಿತು. ಪ್ರೇಕ್ಷಕರು ಎರಡು ಪಂಗಡವಾದರು. ಅಣಕದ ಕೂಗುಗಳೂ ಕೇಳಿಬಂದವು. ಅಂತಿಮ ಸ್ಪರ್ಧೆಯಲ್ಲಿ ಅದು ಸೋತುದು ಕೇವಲ 0.1 ಅಂಕದಿಂದ. ಆ ವರ್ಷವೇ ದಳವು ಸ್ಪರ್ಧೆಯನ್ನು ತೊರೆದು ರಂಗಮಂದಿರಕ್ಕೆ ಹೋಯಿತು. ಅದರಿಂದ ಹುಟ್ಟಿದ 'ಬ್ಲಾಸ್ಟ್' ಎಂಬ ಪ್ರದರ್ಶನವು 2001ರಲ್ಲಿ ಟೋನಿ ಪ್ರಶಸ್ತಿಯನ್ನು ಪಡೆಯಿತು. ಆ 1993ರ ಪ್ರದರ್ಶನವನ್ನು ಡ್ರಮ್ ಕೋರಿನ ಮೇರುಕೃತಿಗಳಲ್ಲಿ ಒಂದೆಂದು ಇಂದು ಎಣಿಸುವವರಲ್ಲಿ ಹಳೆಯ ಅಭಿಮಾನಿಗಳೂ ಇದ್ದಾರೆ. ಈ ಜಾತಿಯ ದೂರನ್ನು ಕಾಲವೇ ತಿದ್ದುತ್ತದೆ. ಇದಕ್ಕೆ ನಾವು ಹೆಚ್ಚು ಬೆಲೆ ಕೊಡಲಾರೆವು.

ಮೂರನೆಯದು ವಿದ್ಯುತ್ತಿನದು. 2004ರಲ್ಲಿ ಧ್ವನಿವರ್ಧಕ, 2009ರಲ್ಲಿ ಸಿಂಥಸೈಜರ್ ಮೊದಲಾದ ವಿದ್ಯುನ್ಮಾನ ವಾದ್ಯಗಳು ಬಂದವು. ವಾಲ್ವಿನ ಜಗಳದಲ್ಲಿ ಇಲ್ಲದಿದ್ದ ಒಂದು ತತ್ತ್ವ ಇಲ್ಲಿದೆ: ನಾದವೆಲ್ಲ ನುಡಿಸುವವನ ಉಸಿರಿನಿಂದ, ತೋಳಿನಿಂದ ಹೊರಡಬೇಕೆಂಬುದು. ಹಾಗಿದ್ದೂ ಓಹಿಯೋ ರಾಜ್ಯದ ಬ್ಲೂಕೋಟ್ಸ್ ದಳವು 2016ರಲ್ಲಿ ತುರಾಯಿಯ ಟೋಪಿಯನ್ನು ಕಳಚಿಟ್ಟು, ಇಳಿಜಾರುಗಳ ಮೇಲೆ ಹತ್ತಿ ಜಾರಿ ನುಡಿಸಿ ತನ್ನ ಮೊದಲ ಚಾಂಪಿಯನ್‌ಷಿಪ್ಪನ್ನು ಗೆದ್ದಾಗ ಗ್ಯಾಲರಿಯೇ ಎದ್ದು ನಿಂತಿತು. ಎದ್ದವರಲ್ಲಿ ಬಿಳಿಗೂದಲಿನವರೂ ಇದ್ದಿರಬೇಕು.

ಈ ಮೂರು ದೂರುಗಳ ಅಡಿಯಲ್ಲಿ ಇನ್ನೊಂದಿದೆ. ನಮ್ಮ ಅಭಿಪ್ರಾಯದಲ್ಲಿ ಅದೇ ಮುಖ್ಯವಾದುದು. ಬಾಯಲ್ಲಿ ಬರುವುದು ಕಡಮೆ. ಹಿಂದೆ ನೂರಾರು ದಳಗಳಿದ್ದವು. ಹುಡುಗನು ಸಂಜೆ ಮನೆಯಿಂದ ನಡೆದುಹೋಗಿ ಚರ್ಚಿನ ನೆಲಮಾಳಿಗೆಯಲ್ಲಿ ಬ್ಯೂಗಲ್ ಊದಲು ಕಲಿಯುತ್ತಿದ್ದನು. ಅವನ ತಂದೆಯೋ ನೆರೆಯವನೋ ಬಸ್ಸನ್ನು ಓಡಿಸುತ್ತಿದ್ದನು. ಇಂದು ಉನ್ನತ ವರ್ಗದಲ್ಲಿ ಉಳಿದಿರುವ ಸುಮಾರು ಇಪ್ಪತ್ತು ದಳಗಳಿಗೆ ದೇಶದ ಮೂಲೆಮೂಲೆಯಿಂದ ಸಂಗೀತ ವಿದ್ಯಾರ್ಥಿಗಳು ಪರೀಕ್ಷೆಗೊಳಗಾಗಿ, ಸಾವಿರಾರು ಡಾಲರು ಶುಲ್ಕ ಕೊಟ್ಟು ಸೇರುತ್ತಾರೆ. ಅವರ ಕೌಶಲವು ಹಿಂದಿನವರಿಗಿಂತ ಎಷ್ಟೋ ಮಿಗಿಲು. ಇದನ್ನು ಹಳಬರೂ ಒಪ್ಪುತ್ತಾರೆ. ಆದರೆ ದಳದ ಹೆಸರಿನಲ್ಲಿರುವ ಊರಿಗೂ ದಳಕ್ಕೂ ನಂಟು ತೆಳುವಾಗಿದೆ. ಜಿ ಶ್ರುತಿಯನ್ನು ಕುರಿತು ದೂರುವವನು ಎಷ್ಟೋ ವೇಳೆ ತನ್ನ ಬೀದಿಯನ್ನು ಕುರಿತು ಮಾತನಾಡುತ್ತಿರುತ್ತಾನೆ. ನಾದವನ್ನು ಧ್ವನಿಮುದ್ರಿಕೆಯಲ್ಲಿ ತೋರಿಸಬಹುದು, ಬೀದಿಯನ್ನು ತೋರಿಸಲಾಗದು; ಆದುದರಿಂದ ವಾದವು ನಾದದ ಮೇಲೆ ಬಂದು ನಿಲ್ಲುತ್ತದೆ.

ಮೇಲೆ ಹೇಳಿದ ಗಾರ್ಫೀಲ್ಡ್ ಕೆಡೆಟ್ಸ್ ದಳದ ಚರಿತ್ರೆಯನ್ನೇ ನೋಡಬಹುದು. 1934ರಲ್ಲಿ ನ್ಯೂ ಜೆರ್ಸಿಯ ಗಾರ್ಫೀಲ್ಡ್ ಊರಿನ ಹೋಲಿ ನೇಮ್ ಚರ್ಚಿನ ದಳವಾಗಿ ಹುಟ್ಟಿದ ಇದು ಮುಂದೆ ಚರ್ಚಿನ ಹೆಸರನ್ನು ಬಿಟ್ಟು ಊರಿನ ಹೆಸರನ್ನು ಧರಿಸಿತು. ಆಮೇಲೆ ಬರ್ಗನ್ ಕೌಂಟಿಯ ಹೆಸರನ್ನು. ಕೊನೆಗೆ ಸ್ಥಳನಾಮವನ್ನೇ ಕೈಬಿಟ್ಟು ಬರಿಯ 'ದಿ ಕೆಡೆಟ್ಸ್' ಆಗಿ, ಪೆನ್ಸಿಲ್ವೇನಿಯಾದ ಆಲೆನ್‌ಟೌನಿಗೆ ನೆಲೆ ಬದಲಾಯಿಸಿತು. 1983ರಿಂದ 2011ರ ವರೆಗೆ ಹತ್ತು ಚಾಂಪಿಯನ್‌ಷಿಪ್‌ಗಳನ್ನು ಗೆದ್ದಿತು. 1983ರಲ್ಲಿ ಜಾರ್ಜ್ ಜಿಂಗಾಲಿ ರಚಿಸಿದ ಅದರ ಚಲನೆಯು ಸಮಪಾರ್ಶ್ವದ ಹಳೆಯ ಕವಾಯತನ್ನು ಮುರಿದು ಹೊಸ ಮಾರ್ಗವನ್ನು ಹಾಕಿಕೊಟ್ಟಿತು. 1971ರಲ್ಲಿ ಹಳಬರನ್ನು ಕೆರಳಿಸಿದ್ದ ದಳವೂ ಇದೇ, ಆದರೂ ಕೆಂಗಂದು ಮೇಲಂಗಿಯ ಸೈನಿಕ ಶೈಲಿಯ ಸಮವಸ್ತ್ರದಿಂದ ಹಳೆಯ ಪರಂಪರೆಯ ಗುರುತಾಗಿದ್ದುದೂ ಇದೇ. 2023ರ ಬೇಸಗೆ ಅದರ ಕಡೆಯ ಋತುವಾಯಿತು. 2024ರಲ್ಲಿ ಸಂಸ್ಥೆಯು ಮುಚ್ಚಿತು.

ಈ ನಡುವೆ ಅರವತ್ತು ಎಪ್ಪತ್ತು ವಯಸ್ಸಿನ ಹಳೆಯ ಸದಸ್ಯರು ಕೆಲವೆಡೆ ತಮ್ಮ ಹಿಂದಿನ ದಳಗಳ ಹೆಸರಿನಲ್ಲೇ ಮತ್ತೆ ಕೂಡಿ, ಮೂಲೆಯಲ್ಲಿದ್ದ ಜಿ ಬ್ಯೂಗಲ್‌ಗಳನ್ನು ಹುಡುಕಿ ತಂದು ನುಡಿಸುತ್ತಿದ್ದಾರೆ. ಅವರು ಅಂಕಕ್ಕಾಗಿ ನುಡಿಸುವುದಿಲ್ಲ. ಹಲವರು ಈಗ ನಡೆಯಲಾರರು; ಸಾಲಾಗಿ ನಿಂತು, ಗ್ಯಾಲರಿಗೆ ಎದುರಾಗಿ ಊದುತ್ತಾರೆ.