ಮನೆಯ ಹಳೇ ಒಂಟಿನಳಿಗೆ ಕೋವಿಗೆ ಯಾವ ತೋಟಾ? ಕೊಳ್ಳೋ ಮುಂಚೆ ಇಷ್ಟು ತಿಳ್ಕೊಳ್ಳಿ

ಕೈಲ್ ಮುಹೂರ್ತ ಹತ್ತಿರ ಬಂತು ಅಂದ್ರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತೆ. ಸೆಪ್ಟೆಂಬರ್ 3ಕ್ಕೆ ಆಯುಧ ಪೂಜೆ, ಅದರ ಬೆನ್ನಿಗೇ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಆಗ ತೋಟಾ ಬೇಕಾಗುತ್ತೆ. ಅಂಗಡಿಗೆ ಹೋಗಿ "ಒಳ್ಳೆ ಪವರ್ ಇರೋದು ಕೊಡಿ" ಅಂತ ಕೇಳುವವರೇ ಜಾಸ್ತಿ. ಅಜ್ಜನ ಕಾಲದ ಕೋವಿಗೆ ಹಾಗೆ ಕೇಳಿ ತೋಟಾ ತರೋದು ಅಪಾಯ. ಏನಕ್ಕೆ ಹೊಡೀಬೇಕು ಅನ್ನೋದು ಎರಡನೇ ಪ್ರಶ್ನೆ. ಈ ನಳಿಗೆ ಯಾವ ತೋಟಾ ತಡೆಯುತ್ತೆ ಅನ್ನೋದು ಮೊದಲನೇದು. ಕೋವಿ ಸಿಡಿದರೆ ಹೋಗೋದು ಹೊಡೆಯುವವರ ಕೈ, ಕಣ್ಣು.

ಬೋರ್ ಅಂದ್ರೆ ಏನು?

ಲೈಸೆನ್ಸ್ ಪುಸ್ತಕದಲ್ಲಿ ಒಂಟಿನಳಿಗೆ ತೋಟಾ ಕೋವಿಯನ್ನು ಎಸ್‌ಬಿಬಿಎಲ್ ಅಂತ, ಜೋಡಿನಳಿಗೆಯನ್ನು ಡಿಬಿಬಿಎಲ್ ಅಂತ ಬರೆದಿರುತ್ತಾರೆ. ನಮ್ಮ ಕಡೆ ಹೆಚ್ಚಿನವು 12 ಬೋರ್. ಒಂದು ಪೌಂಡ್ ಸೀಸದಲ್ಲಿ ಒಂದೇ ಗಾತ್ರದ 12 ಉಂಡೆ ಮಾಡಿದರೆ, ಆ ಒಂದು ಉಂಡೆ ಎಷ್ಟು ದಪ್ಪವೋ ಅಷ್ಟು ನಳಿಗೆಯ ಒಳಗಾತ್ರ. ಅಂದ್ರೆ ಸುಮಾರು 18.5 ಎಂ.ಎಂ. ಹಾಗಾಗಿ 16 ಬೋರ್, 20 ಬೋರ್ ಅಂದ್ರೆ ಸಂಖ್ಯೆ ದೊಡ್ಡದು, ನಳಿಗೆ ಸಣ್ಣದು.

ಮೊದಲು ಉದ್ದ ನೋಡಿ

12 ಬೋರ್ ತೋಟಾಗಳೆಲ್ಲ ಒಂದೇ ಉದ್ದ ಇರಲ್ಲ. ಮುಖ್ಯವಾಗಿ ಮೂರು ಅಳತೆ:

• 2½ ಇಂಚು (65 ಎಂ.ಎಂ.) – ಹಳೇ ಇಂಗ್ಲಿಷ್ ಕೋವಿಗಳಲ್ಲಿ ಹೆಚ್ಚಾಗಿ ಇದೇ
• 2¾ ಇಂಚು (70 ಎಂ.ಎಂ.) – ಈಗ ಎಲ್ಲೆಡೆ ಮಾಮೂಲಿ ಸಿಗೋದು
• 3 ಇಂಚು (76 ಎಂ.ಎಂ.) – ಮ್ಯಾಗ್ನಂ, ಅದಕ್ಕೆಂದೇ ಮಾಡಿದ ಕೋವಿಗೆ ಮಾತ್ರ

ಇಲ್ಲಿ ಬಹಳ ಜನ ಮೋಸ ಹೋಗೋ ವಿಷಯ ಒಂದಿದೆ. ಈ ಅಳತೆ ತೋಟಾ ಹೊಡೆದ ಮೇಲಿನ ಉದ್ದ. ಹೊಡೆಯದ ತೋಟಾದ ಬಾಯಿ ಮಡಚಿರುತ್ತೆ, ಅದರಿಂದ ಗಿಡ್ಡ ಕಾಣುತ್ತೆ. 70 ಎಂ.ಎಂ. ತೋಟಾ 65 ಎಂ.ಎಂ. ಚೇಂಬರಿನಲ್ಲಿ ಆರಾಮಾಗಿ ಕೂರುತ್ತೆ, ಕೋವಿ ಮುಚ್ಚಿಕೊಳ್ಳುತ್ತೆ. ಆದರೆ ಹೊಡೆದಾಗ ಮಡಿಕೆ ಬಿಚ್ಚಿ ಮುಂದಿನ ಕಿರಿದಾದ ಜಾಗಕ್ಕೆ ಚಾಚುತ್ತೆ. ಚರೆ ಹೋಗುವ ದಾರಿ ಇರುಕಾಗಿ ಒಳಗಿನ ಒತ್ತಡ ಏರುತ್ತೆ. ಹಾಗಾಗಿ "ಒಳಗೆ ಹೋಯ್ತಲ್ಲ, ಸರಿ ಇದೆ" ಅಂದುಕೊಳ್ಳಬೇಡಿ.

ಕೋವಿ ಮೇಲೇ ಬರೆದಿರುತ್ತೆ

ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿಕೊಂಡು, ಮುಂದಿನ ಮರ ಬಿಚ್ಚಿ, ನಳಿಗೆಯ ಬುಡದ ಕೆಳಭಾಗ ನೋಡಿ. ಇಂಗ್ಲಿಷ್ ಕೋವಿಯಾದರೆ ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್‌ನ ಪರೀಕ್ಷಾ ಮುದ್ರೆ ಇರುತ್ತೆ. ಚೇಂಬರಿನ ಉದ್ದ 2½, 2¾ ಅಂತಲೋ, 65, 70 ಅಂತಲೋ ಕೆತ್ತಿರಬಹುದು. ಕೆಲವು ಹಳೇ ಕೋವಿಗಳಲ್ಲಿ ಹಾಕಬಹುದಾದ ಚರೆಯ ತೂಕ, ಉದಾಹರಣೆಗೆ 1⅛ ಔನ್ಸ್ ಅಂತ, ಅದೂ ಇರುತ್ತೆ. ಅದಕ್ಕಿಂತ ಭಾರದ ತೋಟಾ ಆ ಕೋವಿಗೆ ಬೇಡ.

"ನೈಟ್ರೋ" ಮುದ್ರೆ ಇದ್ದರೆ ಆ ನಳಿಗೆಯನ್ನು ಈಗಿನ ಹೊಗೆ ಇಲ್ಲದ ಮದ್ದಿಗೆ ಪರೀಕ್ಷೆ ಮಾಡಿದ್ದಾರೆ ಎಂದರ್ಥ. ಅದು ಇಲ್ಲ, ನಳಿಗೆ ಮೇಲೆ ಅಲೆ ಅಲೆಯಾಗಿ ಗೆರೆ ಕಾಣ್ತಿದೆ ಅಂದ್ರೆ ಅದು ಡಮಾಸ್ಕಸ್ ನಳಿಗೆ ಇರಬಹುದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದದ್ದು, ಕರಿಮದ್ದಿನ ಕಾಲದ್ದು. ಅದಕ್ಕೆ ಅಂಗಡಿಯ ಈಗಿನ ತೋಟಾ ಹಾಕಬೇಡಿ. ಪೂಜೆಗೆ ಇಡಿ, ಗೋಡೆ ಮೇಲೆ ಚೆನ್ನಾಗಿರುತ್ತೆ. ಮುದ್ರೆ ಅಳಿಸಿ ಹೋಗಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಚೇಂಬರ್ ಅಳೆಸಿ.

ಚರೆ ನಂಬರ್ ಓದೋದು ಹೇಗೆ?

ನಮ್ಮಲ್ಲಿ ಇನ್ನೂ ಇಂಗ್ಲಿಷ್ ಲೆಕ್ಕವೇ ನಡೆಯೋದು. ನಂಬರ್ ಹೆಚ್ಚಿದಷ್ಟೂ ಚರೆ ಸಣ್ಣ. ಒಂದು ಔನ್ಸ್, ಅಂದ್ರೆ ಸುಮಾರು 28 ಗ್ರಾಂಗೆ ಎಷ್ಟು ಚರೆ ಎಂಬ ಲೆಕ್ಕ ಹೀಗಿದೆ:

• ಎಲ್‌ಜಿ – 6
• ಎಸ್‌ಜಿ – 8
• ಬಿಬಿ – 70
• 4ನೇ ನಂಬರ್ – 170
• 6ನೇ ನಂಬರ್ – 270

ಸಣ್ಣ ಚರೆ ಹರಡಿಕೊಂಡು ಹೋಗಿ ಬೇಗ ಸೋಲುತ್ತೆ. ದಪ್ಪ ಚರೆ ಕಡಿಮೆ, ಆದರೆ ದೂರ ಹೋಗುತ್ತೆ. 12 ಬೋರಿನಲ್ಲಿ ನೆಚ್ಚಿಕೊಂಡು ಹೊಡೆಯಬಹುದಾದ ದೂರ 35–40 ಮೀಟರ್ ಅಷ್ಟೇ. ಆದರೆ ಗುರಿ ತಪ್ಪಿದ ಚರೆ ಅಲ್ಲಿಗೇ ನಿಲ್ಲಲ್ಲ. 6ನೇ ನಂಬರ್ ಚರೆ ಸುಮಾರು 200 ಮೀಟರ್, ಬಿಬಿ 300 ಮೀಟರ್, ಎಸ್‌ಜಿ 600 ಮೀಟರ್‌ವರೆಗೂ ಹೋಗಬಲ್ಲದು. .22 ರೈಫಲಿನ ಗುಂಡಂತೂ ಒಂದೂವರೆ ಕಿಲೋಮೀಟರ್ ದಾಟುತ್ತೆ. ತೋಟದ ಆಚೆ ಲೈನ್‌ಮನೆ, ರಸ್ತೆ, ಕಾಫಿ ಕೊಯ್ಯೋರು ಇರ್ತಾರೆ. "ದಪ್ಪದ್ದು ಇರಲಿ" ಅನ್ನೋ ಮುಂಚೆ ಇದನ್ನ ಲೆಕ್ಕ ಹಾಕಿ.

ತೆಂಗಿನಕಾಯಿ ಸ್ಪರ್ಧೆಗೆ ಹೋಗೋರು .22 ವಿಭಾಗವೋ 12 ಬೋರ್ ವಿಭಾಗವೋ ನೋಡಿ, ಯಾವ ತೋಟಾಕ್ಕೆ ಅವಕಾಶ ಇದೆ ಅಂತ ಆಯೋಜಕರನ್ನ ಕೇಳಿಯೇ ತನ್ನಿ. ಒಂದೇ ದೊಡ್ಡ ಗುಂಡಿನ ತೋಟಾವನ್ನು ಬಾಯಿ ಕಿರಿದಾದ, ಅಂದ್ರೆ ಚೋಕ್ ಇರುವ ನಳಿಗೆಗೆ ಕೇಳದೆ ಹಾಕಬೇಡಿ.

ಇವು ಬೇಡವೇ ಬೇಡ

• 12 ಬೋರ್ ಕೋವಿ ಇರುವ ಮನೆಯಲ್ಲಿ 20 ಬೋರ್ ತೋಟಾ ಬೆರೆಸಿ ಇಡೋದು. 20ರ ತೋಟಾ 12ರ ನಳಿಗೆಯಲ್ಲಿ ಜಾರಿ ಮುಂದೆ ಸಿಕ್ಕಿಕೊಳ್ಳುತ್ತೆ, ಹಿಂದಿನಿಂದ ನೋಡಿದ್ರೆ ಖಾಲಿ ಅನ್ಸುತ್ತೆ. ಅದರ ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತೆ.
• ತೋಟಾ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ತುಂಬೋದು. ಕೇಪಿನ ಕೋವಿ ಕರಿಮದ್ದಿಗೆ ಮಾಡಿದ್ದು, ಈ ಮದ್ದಿನ ಒತ್ತಡ ತಡೆಯಲ್ಲ.
• ಮಳೆಗಾಲ ಕಳೆದ ಹಳೇ ತೋಟಾ. ಕಾಗದದ ತೋಟಾ ಉಬ್ಬಿದ್ದರೆ, ಹಿತ್ತಾಳೆ ಬುಡ ಹಸಿರುಗಟ್ಟಿದ್ದರೆ ಬಳಸಬೇಡಿ. ಲೈಸೆನ್ಸ್ ಅಂಗಡಿಗೋ ಪೊಲೀಸ್ ಠಾಣೆಗೋ ಕೇಳಿ ಒಪ್ಪಿಸಿ. ಒಲೆಗೆ, ಕೆರೆಗೆ ಎಸೀಬೇಡಿ.

ಕುದುರೆ ಒತ್ತಿದರೂ ಹಾರಲಿಲ್ಲ ಅಂದ್ರೆ ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಒಂದು ನಿಮಿಷ ಹಾಗೇ ಇರಿ. ಶೀತ ಹಿಡಿದ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಶಬ್ದ ಟುಸ್ ಅಂತ ಬಂದರೆ ಇನ್ನೊಂದು ತೋಟಾ ಹಾಕಬೇಡಿ, ಒಳಗೆ ಏನಾದ್ರೂ ಸಿಕ್ಕಿಕೊಂಡಿದೆಯಾ ಅಂತ ಕೋವಿ ಬಿಚ್ಚಿ ನಳಿಗೆಯಲ್ಲಿ ಬೆಳಕು ನೋಡಿ. ವರ್ಷಕ್ಕೊಮ್ಮೆ ತೆಗೆಯೋ ಕೋವಿಯಲ್ಲಿ ಕಣಜದ ಮಣ್ಣುಗೂಡು, ಒರೆಸಿದ ಬಟ್ಟೆ ಚೂರು ಉಳಿದಿರಬಹುದು. ಅಷ್ಟು ಸಾಕು ನಳಿಗೆ ಉಬ್ಬಲು.

ಕಾನೂನು ಏನು ಹೇಳುತ್ತೆ?

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷ, ಅಂದ್ರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಬೇರೆಯವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ತೋಟಾವನ್ನು ಲೈಸೆನ್ಸ್ ಇರುವ ಅಂಗಡಿಯಲ್ಲಿ ದಾಖಲೆ ತೋರಿಸಿಯೇ ಕೊಳ್ಳಬೇಕು. ಪಕ್ಕದ ಮನೆಯವರಿಂದ ನಾಲ್ಕು ಕೈಗಡ ತರೋದು, ಕೊಡೋದು ಇಬ್ಬರಿಗೂ ತೊಂದರೆ.

ಈ ವಿನಾಯಿತಿ ಬೇಟೆಗೆ ಅಲ್ಲ. 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಒಂದೇ. ಗದ್ದೆಗೆ ಕಾಡುಹಂದಿ ಬಂತು ಅಂತ ಲೈಸೆನ್ಸ್ ಕೋವಿಯಲ್ಲೇ ಹೊಡೆದರೂ, ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದಿದ್ದರೆ ಕೇಸಾಗುತ್ತೆ. ಸಂಭ್ರಮಕ್ಕೆ ಅಂತ ಬೇರೆಯವರ ಜೀವಕ್ಕೆ ಅಪಾಯ ಆಗುವಂತೆ ಗುಂಡು ಹಾರಿಸಿದರೆ 2019ರ ತಿದ್ದುಪಡಿ ಪ್ರಕಾರ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಅಂಗಡಿಗೆ ಹೋಗುವಾಗ

ಲೈಸೆನ್ಸ್ ಅಥವಾ ವಿನಾಯಿತಿ ಪತ್ರದ ಜೊತೆ ಒಂದು ಚೀಟಿಯಲ್ಲಿ ಮೂರು ವಿಷಯ ಬರ್ಕೊಂಡು ಹೋಗಿ: ಬೋರ್ ಎಷ್ಟು, ಚೇಂಬರ್ ಉದ್ದ ಎಷ್ಟು, ನೈಟ್ರೋ ಮುದ್ರೆ ಇದೆಯಾ ಇಲ್ವಾ. ಡಬ್ಬದ ಮೇಲೆ ಬರೆದದ್ದು ಚೀಟಿಗೆ ಹೊಂದಿದರೆ ಮಾತ್ರ ದುಡ್ಡು ಕೊಡಿ. ನಮ್ಮ ದೇಶದ್ದೇ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ಆಗಲಿ, ಹೊರಗಿನದ್ದಾಗಲಿ, ನಿಮ್ಮ ಕೋವಿಯ ಅಳತೆಗೆ ಕೂರುವ ಹಗುರ, ಮಾಮೂಲಿ ಲೋಡೇ ಹಳೇ ಕೋವಿಗೆ ಒಳ್ಳೇದು. 65 ಎಂ.ಎಂ. ಚೇಂಬರಿಗೆ 65ರ ತೋಟಾ ಸಿಗಲಿಲ್ಲ ಅಂದ್ರೆ 70ರದ್ದು ತರಬೇಡಿ, ಈ ವರ್ಷ ಕೋವಿಗೆ ಪೂಜೆ ಮಾತ್ರ ಮಾಡಿ.