ಕಾಲು ಕಸಿದ ಕಾಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಊಟವನ್ನು ಉಂಡವರಿಗೆ ಕಾಳಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಕೆಂಪು ಮಣ್ಣು, ಕೈಕೊಡುವ ಮಳೆ; ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಅಲಸಂದೆ; ಮಳೆ ಹಿಂದುಳಿದ ವರ್ಷ ಕಡೆಯ ಆಸರೆಯಾಗಿ ಹುರುಳಿ. ಮುದ್ದೆಗೆ ಕಾಳಿನ ಸಾರು ಇದ್ದರೆ ಅದು ಊಟ. ಇಲ್ಲದಿದ್ದರೆ ಹೊಟ್ಟೆ ತುಂಬಿಸುವ ಕೆಲಸ. ಹೀಗೆ ಕಾಳನ್ನು ನಂಬಿ ಬದುಕಿದ ಸೀಮೆಯವನಾದ ನಾನು, ಕಾಳೊಂದು ಮನುಷ್ಯನ ಕಾಲನ್ನೇ ಕಸಿದುಕೊಂಡ ಚರಿತ್ರೆಯನ್ನು ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇನೆ. ನಾನು ಕನ್ನಡದ ಮೇಷ್ಟ್ರು, ರಸಾಯನಶಾಸ್ತ್ರಜ್ಞನಲ್ಲ. ಆದರೆ ಆ ಕಾಳಿನ ಗುಟ್ಟು ಒಡೆದದ್ದು ನಮ್ಮ ಬೆಂಗಳೂರಿನಲ್ಲಿ. ಆ ಕಥೆ ಇಂಗ್ಲಿಷಿನ ಸಂಶೋಧನ ಪತ್ರಿಕೆಗಳ ಒಳಗೇ ಉಳಿದಿರುವುದು ನನಗೆ ಸರಿಯೆನಿಸುವುದಿಲ್ಲ.

ನನ್ನನ್ನು ಈ ವಿಷಯಕ್ಕೆ ಎಳೆದದ್ದು ಒಂದು ಕನ್ನಡ ಶಬ್ದ. ಸುಗ್ಗಿಯ ಕಾಲದಲ್ಲಿ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಮನೆಮನೆಯ ವಂಶಾವಳಿಯನ್ನು ಹೇಳಿ ಕಾಳುಕಡ್ಡಿ ಪಡೆಯುವ ಹೆಳವರನ್ನು ನಮ್ಮ ಕಡೆಯವರು ಬಲ್ಲರು. ಹೆಳವ ಎಂದರೆ ನಡೆಯಲಾರದವನು, ಕುಂಟ. ಆ ಹೆಸರು ಅವರಿಗೆ ಹೇಗೆ ಬಂತೆಂಬುದಕ್ಕೆ ಅವರದೇ ಕಥೆಗಳಿವೆ, ಅದಿಲ್ಲಿ ಬೇಡ. ನಡೆಯಲಾರದವನಿಗೆ ಇಷ್ಟು ಹಳೆಯ ಹೆಸರೊಂದು ಭಾಷೆಯಲ್ಲಿ ನೆಲೆಯೂರಬೇಕಾದರೆ ಊರೂರಿನಲ್ಲಿ ಅಂಥವರಿದ್ದಿರಬೇಕಲ್ಲವೇ, ಅವರ ಕಾಲನ್ನು ಏನು ಕಸಿಯಿತು ಎಂದು ಹುಡುಕುತ್ತ ಹೋದಾಗ ಭಾವಮಿಶ್ರನ ‘ಭಾವಪ್ರಕಾಶ’ದ ಸುದ್ದಿ ಸಿಕ್ಕಿತು. ಹದಿನಾರನೆಯ ಶತಮಾನದ ಈ ವೈದ್ಯಗ್ರಂಥ ತ್ರಿಪುಟವೆಂಬ ದ್ವಿದಳಧಾನ್ಯ ಮನುಷ್ಯನನ್ನು ಕುಂಟನನ್ನಾಗಿ, ಹೆಳವನನ್ನಾಗಿ ಮಾಡುತ್ತದೆಂದು ಹೇಳುತ್ತದೆ. ಆ ತ್ರಿಪುಟವೇ ಇಂದಿನ ಕೇಸರಿ ಬೇಳೆಯ ಕಾಳು. ಉತ್ತರದವರು ಅದನ್ನು ಖೇಸಾರಿ, ತೇವರಾ ಎಂದೂ ಮಹಾರಾಷ್ಟ್ರದವರು ಲಾಖ್ ಎಂದೂ ಕರೆಯುತ್ತಾರೆ.

ಪಾವಗಡದ ಕಡೆ ಬೆನ್ನು ಸೆಟೆದು ಕಾಲು ಬಾಗಿ ನಡೆಯುವವರನ್ನು ಕಂಡವರು ಇದೂ ಅದೇ ಇರಬೇಕೆಂದುಕೊಳ್ಳಬಾರದು. ಅದು ಕೊಳವೆಬಾವಿಯ ನೀರಿನ ಫ್ಲೋರೈಡಿನ ಕೆಲಸ. ೧೯೩೭ರಲ್ಲಿ ನೆಲ್ಲೂರು ಸೀಮೆಯಲ್ಲಿ ಮೊದಲು ಗುರುತಿಸಿದ ರೋಗ. ಅದು ಮೂಳೆಯನ್ನು ಹಿಡಿಯುತ್ತದೆ. ಕೇಸರಿ ಬೇಳೆ ಮೂಳೆಯನ್ನು ಮುಟ್ಟುವುದಿಲ್ಲ. ಮಿದುಳಿನಿಂದ ಕಾಲಿಗೆ ಆಜ್ಞೆ ಒಯ್ಯುವ ನರಗಳನ್ನು ಸುಡುತ್ತದೆ. ಕಾಲಿನ ಮಾಂಸಖಂಡಗಳು ಸೆಟೆದು, ಮೊಣಕಾಲುಗಳು ಒಂದಕ್ಕೊಂದು ಅಡ್ಡಬಂದು, ರೋಗಿ ತುದಿಗಾಲಿನಲ್ಲಿ ಕತ್ತರಿಯಂತೆ ಹೆಜ್ಜೆಯಿಡುತ್ತಾನೆ. ಮೊದಲು ಒಂದು ಕೋಲು, ಆಮೇಲೆ ಎರಡು, ಕೊನೆಗೆ ನೆಲದ ಮೇಲೆ ತೆವಳಾಟ. ಬುದ್ಧಿಗೆ ಏನೂ ಆಗುವುದಿಲ್ಲ, ಆಯುಸ್ಸೂ ಕುಗ್ಗುವುದಿಲ್ಲ. ಹೀಗೆ ಬಿದ್ದವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು.

ಈ ಬೆಳೆಯ ಗುಣವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾದೀತು. ಕಪ್ಪು ಜೇಡಿಯ ನೆಲದಲ್ಲಿ ಭತ್ತದ ಕೊಯ್ಲಿಗೆ ಮುಂಚೆಯೇ ನಿಂತ ಪೈರಿನ ನಡುವೆ ಕಾಳನ್ನು ಎರಚಿಬಿಟ್ಟರೆ ಉಳಿದ ಒದ್ದೆಯಲ್ಲಿಯೇ ಅದು ಬೆಳೆದುಬಿಡುತ್ತದೆ. ನೀರು ಬೇಡ, ಗೊಬ್ಬರ ಬೇಡ. ಬರ ಬಂದರೂ ನಿಲ್ಲುತ್ತದೆ, ನೆರೆ ಬಂದರೂ ನಿಲ್ಲುತ್ತದೆ. ನೂರಕ್ಕೆ ೨೫ಕ್ಕೂ ಮೀರಿದ ಸಸಾರಜನಕಾಂಶ. ಬಡವನಿಗೆ ಇದಕ್ಕಿಂತ ಒಳ್ಳೆಯ ಕಾಳು ಯಾವುದು? ಬೇರೆ ಧಾನ್ಯಗಳ ಜೊತೆ ಅಷ್ಟಿಷ್ಟು ತಿಂದವರಿಗೆ ಏನೂ ಆಗುವುದಿಲ್ಲ. ಬೇರೆಲ್ಲ ಬೆಳೆಯೂ ಕೆಟ್ಟು, ಎರಡು ಮೂರು ತಿಂಗಳು ದಿನವೂ ಅದೊಂದನ್ನೇ ಹೊಟ್ಟೆಗೆ ಹಾಕಿಕೊಂಡವರಿಗೆ ಮಾತ್ರ ಅದರ ನಿಜರೂಪ ಕಾಣುತ್ತದೆ. ಎಂದರೆ ಈ ರೋಗದ ಚರಿತ್ರೆ ಕ್ಷಾಮದ ಚರಿತ್ರೆಯೇ.

ಠಕ್ಕರ ದಮನಕ್ಕೆ ಹೆಸರಾದ ಸ್ಲೀಮನ್, ೧೮೪೪ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಮಧ್ಯಭಾರತದ ಸಾಗರ್ ಸೀಮೆಯ ಸಂಗತಿಯನ್ನು ಬರೆದಿದ್ದಾನೆ. ೧೮೨೯ರಲ್ಲಿ ಆಲಿಕಲ್ಲಿನ ಮಳೆಗೆ ಗೋಧಿ ಹಾಳಾಯಿತು, ೧೮೩೦ರಲ್ಲಿ ಮಳೆ ಬಾರದೆ, ೧೮೩೧ರಲ್ಲಿ ರೋಗ ತಗುಲಿ. ಮೂರು ವರ್ಷವೂ ಈ ಕಾಳು ಮಾತ್ರ ಸೊಂಪಾಗಿ ಬೆಳೆಯಿತು. ಜನ ಅದನ್ನೇ ತಿಂದರು. ೧೮೩೩ರ ಹೊತ್ತಿಗೆ ಮೂವತ್ತರ ಒಳಗಿನ ಅನೇಕರಿಗೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ೧೮೬೦ರ ಆಸುಪಾಸಿನಲ್ಲಿ ಇರ್ವಿಂಗ್ ಎಂಬ ವೈದ್ಯ ಅಲಹಾಬಾದ್ ಜಿಲ್ಲೆಯಲ್ಲಿ ಇಂಥ ಹೆಳವರ ಲೆಕ್ಕ ತೆಗೆದ. ರೀವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯನ್ನು ಈ ಕಾಳಿನಲ್ಲಿಯೇ ಅಳೆದುಕೊಡುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿಯೂ ನಡೆದಿತ್ತು. ಒಡೆಯನಿಗೆ ಅಗ್ಗದ ಕೂಲಿ. ಆಳಿಗೆ ಕಾಲಿನ ಬೆಲೆ.

ಇದು ನಮ್ಮ ದೇಶದ್ದೇ ಶಾಪವೇನಲ್ಲ. ಜರ್ಮನಿಯ ವ್ಯುರ್ಟೆಂಬರ್ಗಿನ ದೊರೆ ೧೬೭೧ರಲ್ಲಿಯೇ ಈ ಹಿಟ್ಟಿನ ರೊಟ್ಟಿಯನ್ನು ನಿಷೇಧಿಸಿದ. ೧೮೧೧-೧೨ರ ಮ್ಯಾಡ್ರಿಡ್ ಕ್ಷಾಮದಲ್ಲಿ ಈ ಹಿಟ್ಟಿನ ಗಂಜಿಯಿಂದ ಪ್ರಾಣ ಉಳಿಸಿಕೊಂಡ ಜನರನ್ನು ಸ್ಪೇನಿನ ಚಿತ್ರಕಾರ ಗೋಯಾ ಕೆತ್ತಿದ್ದಾನೆ; ಚಿತ್ರದಲ್ಲಿ ಮುದುಡಿ ಬಿದ್ದ ಹೆಂಗಸೊಬ್ಬಳಿದ್ದಾಳೆ. ನೇಪಲ್ಸಿನ ಕಂಟಾನಿ ೧೮೭೩ರಲ್ಲಿ ರೋಗಕ್ಕೆ ಲ್ಯಾಥಿರಿಸಂ ಎಂದು ಹೆಸರಿಟ್ಟ. ಎಲ್ಲಕ್ಕಿಂತ ಘೋರವಾದದ್ದು ೧೯೪೨-೪೩ರದು. ಇಂದಿನ ಉಕ್ರೇನಿಗೆ ಸೇರಿದ ವಾಪ್ನಿಯಾರ್ಕಾದ ಸೆರೆಶಿಬಿರದಲ್ಲಿ ಯೆಹೂದ್ಯ ಕೈದಿಗಳಿಗೆ ಕುದುರೆಗಳಿಗೆಂದು ಇಟ್ಟಿದ್ದ ಈ ಕಾಳನ್ನೇ ಬೇಯಿಸಿ ಹಾಕಿದರು. ಕೈದಿಗಳಲ್ಲೊಬ್ಬನಾಗಿದ್ದ ವೈದ್ಯ ಆರ್ಥರ್ ಕೆಸ್ಲರ್ ರೋಗವನ್ನು ಗುರುತಿಸಿದ. ಅಷ್ಟರಲ್ಲಿ ನೂರಾರು ಮಂದಿಯ ಕಾಲು ಹೋಗಿತ್ತು.

ತಿಂದವನು ಕುಂಟನಾಗುತ್ತಾನೆಂದು ಭಾವಮಿಶ್ರನಿಗೇ ಗೊತ್ತಿತ್ತಲ್ಲ, ಮತ್ತೆ ಹುಡುಕುವುದೇನಿತ್ತು? ಕಾಳಿನೊಳಗಿನ ಯಾವ ವಸ್ತು ಎಂಬುದೇ ಪ್ರಶ್ನೆ. ೧೯೨೫ರಲ್ಲಿ ಕೆಲವರು ತಪ್ಪು ಈ ಕಾಳಿನದಲ್ಲ, ಅದರ ಜೊತೆ ಬೆರೆತುಬರುವ ಅಕ್ತಾ ಎಂಬ ಕಳೆಯ ಬೀಜದ್ದು ಎಂದರು. ಮತ್ತೆ ಕೆಲವರು ಇದರ ದಾಯಾದಿಯಾದ ಹೂಬಟಾಣಿಯ ಬೀಜವನ್ನು ಇಲಿಗಳಿಗೆ ತಿನ್ನಿಸಿ, ಅವುಗಳ ಮೂಳೆ ಡೊಂಕಾದದ್ದನ್ನು ಕಂಡು, ೧೯೫೪ರಲ್ಲಿ ಅದರ ವಿಷವನ್ನೂ ಹಿಡಿದರು. ಆದರೆ ಅದು ಮೂಳೆಯ ವಿಷ. ಮನುಷ್ಯನ ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ಕಳ್ಳನ ಅಣ್ಣನನ್ನು ಹಿಡಿದು ಕಳ್ಳ ಸಿಕ್ಕಿದನೆಂದ ಹಾಗಾಯಿತು.

ಈಗ ಬೆಂಗಳೂರಿಗೆ ಬರೋಣ. ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪಿ. ಎಸ್. ಶರ್ಮರ ಸುತ್ತ ಒಂದು ತರುಣರ ಗುಂಪಿತ್ತು: ಪೆರ್ಡೂರು ರಾಧಾಕಾಂತ ಅಡಿಗ, ಜಿ. ಪದ್ಮನಾಭನ್, ಎಸ್. ಎಲ್. ಎನ್. ರಾವ್. ೧೯೬೨ರಲ್ಲಿ ಇವರು ಕೇಸರಿ ಕಾಳಿನಿಂದ ವಿಷಾಂಶವೊಂದನ್ನು ಬೇರ್ಪಡಿಸಿದರು. ಅದು ವಿಷವೆಂದು ತಿಳಿದದ್ದು ಕೋಳಿಮರಿಗಳಿಂದ. ಎಳೆಯ ಮರಿಗೆ ಚುಚ್ಚಿದರೆ ಅದು ಕತ್ತನ್ನು ಹಿಂದಕ್ಕೆ ಸೆಟೆಸಿ ನಡುಗಿ ಬೀಳುತ್ತಿತ್ತು. ಬೆಳೆದ ಪ್ರಾಣಿಗಳಿಗೆ ಅಷ್ಟು ಸುಲಭವಾಗಿ ತಾಗುತ್ತಿರಲಿಲ್ಲ. ಬೆಳೆದ ಜೀವಿಯ ಮಿದುಳಿಗೆ ರಕ್ತದಿಂದ ಬೇಡದ್ದು ನುಗ್ಗದಂತೆ ಕಾವಲಿದೆ, ಎಳೆಯ ಮರಿಯಲ್ಲಿ ಆ ಕಾವಲು ಬಲಿತಿರುವುದಿಲ್ಲ. ವಿಷದ ರಚನೆ ರಾವ್, ಅಡಿಗ, ಶರ್ಮ ಮೂವರ ಹೆಸರಿನಲ್ಲಿ ೧೯೬೪ರಲ್ಲಿ ಪ್ರಕಟವಾಯಿತು. ಅದೊಂದು ಅಮೈನೋ ಆಮ್ಲ. ಪೂರ್ತಿ ಹೆಸರು ಬೀಟಾ-ಎನ್-ಆಕ್ಸಲೈಲ್-ಎಲ್-ಆಲ್ಫಾ, ಬೀಟಾ-ಡೈಅಮೈನೋಪ್ರೊಪಿಯಾನಿಕ್ ಆಮ್ಲ. ನಮ್ಮ ಚಂಪೂಕವಿಗಳ ಸಮಾಸಗಳೂ ಇದಕ್ಕೆ ತಲೆಬಾಗಬೇಕು. ಮುಂದೆ ಇದನ್ನು ಓಡಾಪ್ ಎಂದು ಚಿಕ್ಕದಾಗಿಸಿದರು. ಅದೇ ವರ್ಷ ದೆಹಲಿಯಲ್ಲಿ ಟಿ. ಆರ್. ಶೇಷಾದ್ರಿಯವರ ತಂಡವೂ ಇದನ್ನು ಪ್ರಕಟಿಸಿತು.

ಕೋಳಿಮರಿಯ ಕತ್ತು ಸೆಟೆದರೆ ಮನುಷ್ಯನ ಕಾಲು ಹೋದದ್ದಕ್ಕೆ ಸಾಕ್ಷಿಯಾದೀತೇ ಎಂದು ಕೇಳುವವರಿದ್ದರು, ಕೇಳಬೇಕಾದ ಪ್ರಶ್ನೆಯೇ. ೧೯೬೭ರಲ್ಲಿ ರಾವ್ ಮತ್ತು ಶರ್ಮರು ನರವೈದ್ಯ ಕೆ. ಎಸ್. ಮಣಿ ಮೊದಲಾದವರ ಜೊತೆಗೂಡಿ, ಕೋತಿಗಳ ಬೆನ್ನುಹುರಿಯ ಸುತ್ತಲ ದ್ರವಕ್ಕೇ ವಿಷವನ್ನು ಸೇರಿಸಿದಾಗ ಅವುಗಳ ಹಿಂಗಾಲು ಸೋತದ್ದನ್ನು ತೋರಿಸಿದರು.

ಇಲ್ಲಿಂದ ಕಥೆಗೆ ನಾನು ನಿರೀಕ್ಷಿಸದಿದ್ದ ತಿರುವೊಂದು ಬರುತ್ತದೆ. ವಿಷ ವೈದ್ಯರ ಕೈಯಿಂದ ನರವಿಜ್ಞಾನಿಗಳ ಕೈಗೆ ಹೋಗಿ ಅವರಿಗೊಂದು ಉಪಕರಣವಾಯಿತು. ನಮ್ಮ ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದನ್ನು ಎಬ್ಬಿಸಬೇಕಾದರೆ ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನು ಬಿಡುತ್ತದೆ. ಅದು ಎದುರಿನ ಕೋಶದ ಬಾಗಿಲಿನಲ್ಲಿ ಕೂತು ಕದ ತೆರೆಸಿ ಕೂಡಲೇ ಹೊರಟುಹೋಗುತ್ತದೆ. ಓಡಾಪಿನ ರಚನೆ ಈ ಗ್ಲುಟಮೇಟನ್ನು ಹೋಲುತ್ತದೆ. ಮೂಡಲಪಾಯದ ಆಟದಲ್ಲಿ ರಾಕ್ಷಸ ಮಾರುವೇಷದಲ್ಲಿ ಅಂತಃಪುರ ಹೊಕ್ಕಂತೆ ಅದೂ ಬಾಗಿಲಿಗೆ ಬರುತ್ತದೆ. ಕಾವಲಿನವನು ಕದ ತೆರೆಯುತ್ತಾನೆ, ತೆರೆದ ಕದ ಮತ್ತೆ ಮುಚ್ಚದು. ಕೋಶ ಎಚ್ಚರಗೊಂಡು ಎಚ್ಚರಗೊಂಡೇ ಸಾಯುತ್ತದೆ. ೧೯೬೬ರಲ್ಲಿ ವಾಟ್ಕಿನ್ಸ್, ಕರ್ಟಿಸ್, ಬಿಸ್ಕೋ ಎಂಬ ಮೂವರು ಇದು ಬೆನ್ನುಹುರಿಯ ನರಕೋಶಗಳನ್ನು ಉದ್ರೇಕಿಸುತ್ತದೆಂದು ಬರೆದರು. ಗ್ಲುಟಮೇಟೇ ನರಗಳ ದೂತನೆಂಬುದನ್ನು ಆಗಿನ್ನೂ ಎಲ್ಲರೂ ಒಪ್ಪಿರಲಿಲ್ಲ. ಅತಿ ಉದ್ರೇಕದಿಂದಲೇ ನರಕೋಶ ಸಾಯಬಹುದೆಂಬ ವಾದವನ್ನು ಹೂಡಿದ ಅಮೆರಿಕದ ಜಾನ್ ಓಲ್ನಿ ೧೯೭೬ರಲ್ಲಿ ಮಿಶ್ರಾ, ರೀ ಅವರೊಡನೆ ಓಡಾಪಿನಿಂದ ಮಿದುಳು ಮತ್ತು ಅಕ್ಷಿಪಟಲಗಳಿಗಾಗುವ ಹಾನಿಯನ್ನು ತೋರಿಸಿದ. ಗ್ಲುಟಮೇಟಿನ ಬಾಗಿಲುಗಳು ಒಂದೇ ಬಗೆಯವಲ್ಲ. ಓಡಾಪ್ ಮುಖ್ಯವಾಗಿ ಆಂಪಾ ಎಂಬ ಬಗೆಯದನ್ನು ಹಿಡಿಯುತ್ತದೆಂದು ೧೯೮೯ರ ಹೊತ್ತಿಗೆ ಗೊತ್ತಾಯಿತು. ನಿಮ್ಹಾನ್ಸಿನಲ್ಲಿ ಪೈ ಮತ್ತು ವಿಜಯಲಕ್ಷ್ಮಿ ರವೀಂದ್ರನಾಥ್ ಅವರು ೧೯೯೩ರಲ್ಲಿ, ಅದು ಕೋಶದೊಳಗಿನ ಮೈಟೊಕಾಂಡ್ರಿಯದ ಕಿಣ್ವವೊಂದನ್ನೂ ಆರಿಸಿ ಕೆಡಿಸುತ್ತದೆಂದು ಕಂಡರು. ಪಾರ್ಶ್ವವಾಯುವಿನಲ್ಲಿ, ನರ ಸವೆಯುವ ಬೇರೆ ರೋಗಗಳಲ್ಲಿ ಕೋಶಗಳು ಹೇಗೆ ಸಾಯುತ್ತವೆಂದು ತಿಳಿಯಹೊರಟವರಿಗೆ ರೀವಾದ ಜೀತದಾಳಿನ ಕೂಲಿಕಾಳು ಹೀಗೆ ಒದಗಿಬಂತು.

ಗಿಡಗಳಲ್ಲಿ ಇಂಥ ಮಾರುವೇಷದ ಅಮೈನೋ ಆಮ್ಲಗಳು ಇನ್ನೂ ಎಷ್ಟೋ ಇವೆ. ಬದುಗಳ ಮೇಲೆ ಮೇವಿಗೆಂದು ನೆಡುವ ಸುಬಾಬುಲ್ಲಿನಲ್ಲಿ ಮಿಮೋಸಿನ್ ಇದೆ. ಅದನ್ನೇ ಮೇಯ್ದ ಕುರಿಯ ಉಣ್ಣೆ ಉದುರುತ್ತದೆಂದು ಆಸ್ಟ್ರೇಲಿಯದವರು ೧೯೬೪ರಲ್ಲಿ ಬರೆದರು. ಕೋಶವಿಭಜನೆಯನ್ನು ಬೇಕಾದ ಹಂತದಲ್ಲಿ ತಡೆದು ನಿಲ್ಲಿಸಲು ಪ್ರಯೋಗಶಾಲೆಗಳು ೧೯೯೦ರಿಂದ ಅದನ್ನು ಬಳಸಿದವು. ನಮ್ಮ ಕುರಿಗಾಹಿಗಳು ಕೇಳಬೇಕಾದ ಕಥೆ ಅದು, ಇನ್ನೊಂದು ದಿನಕ್ಕಿರಲಿ.

ಕೇಸರಿ ಬೇಳೆಯ ಮಾರಾಟವನ್ನು ೧೯೬೧ರಲ್ಲಿ ನಿಷೇಧಿಸಲಾಯಿತು. ಬೆಳೆಯುವ ಕೆಲವು ರಾಜ್ಯಗಳು ಅದನ್ನು ಜಾರಿಗೇ ತರಲಿಲ್ಲ. ನಮ್ಮ ನೆಲದಲ್ಲಿ ಅದು ಬೆಳೆಯದಿದ್ದರೂ ತೊಗರಿಬೇಳೆಯ ಜೊತೆ, ಕಡಲೆಹಿಟ್ಟಿನ ಜೊತೆ ಬೆರೆತು ಸಂತೆಗೆ ಬರಬಲ್ಲದು. ಕಾಳು ದುಂಡಗಿರದೆ ಕೊಡಲಿಯ ಬಾಯಿಯಂತೆ ಮೂಲೆಮೂಲೆಯಾಗಿರುತ್ತದೆ, ನೋಡಿ ತಿಳಿಯಬಹುದು. ಹಿಟ್ಟಾದ ಮೇಲೆ ಕಣ್ಣಿಗೆ ಸಿಗದು. ವಿಷ ಕಡಿಮೆಯಿರುವ ತಳಿಗಳು ೧೯೭೦ರ ದಶಕದಿಂದ ಬಂದಿವೆ. ರತನ್, ಪ್ರತೀಕ್, ಮಹಾತೇವರಾ ಎಂಬ ಮೂರನ್ನು ಮುಂದಿಟ್ಟುಕೊಂಡು ನಿಷೇಧ ತೆಗೆಯಬಹುದೆಂದು ತಜ್ಞರು ಅಭಿಪ್ರಾಯಪಟ್ಟ ಸುದ್ದಿ ೨೦೧೬ರಲ್ಲಿ ಬಂತು. ವಿಷವನ್ನು ಕಂಡುಹಿಡಿದವರಲ್ಲೊಬ್ಬರಾದ ಎಸ್. ಎಲ್. ಎನ್. ರಾವ್ ಅವರೇ ಮುಂದೆ ಈ ಕಾಳಿನ ಪರವಾಗಿ ವಾದಿಸಿದರು. ಚೀನೀಯರು ರಕ್ತ ನಿಲ್ಲಿಸಲು ಬಳಸುವ ಜಿನ್‌ಸೆಂಗ್ ಜಾತಿಯ ಬೇರಿನ ಔಷಧಾಂಶವೂ ಈ ಓಡಾಪೇ ಎಂಬುದು ಅವರ ಕೈಗೆ ಸಿಕ್ಕ ಒಳ್ಳೆಯ ಅಸ್ತ್ರ.

ಅವರ ಮಾತನ್ನು ಅಲ್ಲಗಳೆಯುವ ವಿದ್ಯೆ ನನ್ನಲ್ಲಿಲ್ಲ. ಹೊಟ್ಟೆ ತುಂಬಿದವನ ತಟ್ಟೆಯಲ್ಲಿ ಕೇಸರಿ ಬೇಳೆ ನಿರಪಾಯವೆಂಬುದನ್ನು ಒಪ್ಪುತ್ತೇನೆ. ಆದರೆ ಗಿಡ ನೀರಿಗೆ ಬಾಯಿಬಿಟ್ಟಾಗ ಕಾಳಿನಲ್ಲಿ ಓಡಾಪ್ ಏರುತ್ತದೆಂದು ಅದೇ ವಿಜ್ಞಾನಿಗಳು ಬರೆದಿದ್ದಾರೆ. ಬಡವ ಅದನ್ನು ಅತಿಯಾಗಿ ತಿನ್ನುವ ವರ್ಷವೂ ಅದರಲ್ಲಿ ವಿಷ ಏರುವ ವರ್ಷವೂ ಒಂದೇ ಆಯಿತಲ್ಲ! ಕಡಿಮೆ ವಿಷದ ತಳಿಯ ಚೀಟಿ ಹಚ್ಚಿದ ಮೂಟೆಯಲ್ಲಿ ಯಾವ ತಳಿಯಿದೆಯೆಂದು ಪಾವಗಡದ ಸಂತೆಯಲ್ಲಿ ಯಾರು ಅಳೆದು ನೋಡುತ್ತಾರೆ? ನೆನೆಸಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿಬಿಟ್ಟರೆ ವಿಷದ ಬಹುಪಾಲು ಹೋಗುತ್ತದೆ ಎನ್ನುತ್ತಾರೆ. ನಿಜ, ಓಡಾಪ್ ನೀರಿನಲ್ಲಿ ಕರಗುವಂಥದು. ಆದರೆ ನಮ್ಮ ಸೀಮೆಯ ಅಡಿಗೆಮನೆಯಲ್ಲಿ ಕಾಳು ಬೇಯಿಸಿ ಬಸಿದ ಆ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ. ಅದಕ್ಕೆ ಖಾರ ಅರೆದು ಹಾಕಿ, ಒಗ್ಗರಣೆ ಕೊಟ್ಟರೆ ಅದೇ ಬಸ್ಸಾರು. ಮುದ್ದೆಯನ್ನು ನುಂಗುವುದೇ ಅದರಲ್ಲಿ.